ಚಕ್ರದ ಒಳಬದಿ

ಗೋಡೆಯಲ್ಲೊಂದು ತೂತು, ತೂತಿನೊಳಗೊಂದು ಮರದ ಪೀಪಾಯಿ,
ಪೀಪಾಯಿಗೆ ಒಂದೇ ಬಾಯಿ.
ಅದು ಬೀದಿಗೆ ಮುಖ ಮಾಡಿದಾಗ ನನಗೆ ಬೆನ್ನು.
ಎವೊರಾ ಊರಿನವರು ಇದಕ್ಕೆ ಚಕ್ರ ಅನ್ನುತ್ತಾರೆ.
ನಾನು ಕಿತೇರಿಯಾ, ಚಕ್ರದ ಒಳಗಿನವಳು,
ಇಪ್ಪತ್ತೆರಡು ವರ್ಷದಿಂದ ಇದೇ ಮುಕ್ಕಾಲಿ.
ಗಂಟೆ ಅಲ್ಲಾಡಿದರೆ ತಿರುಗಿಸಬೇಕು,
ಯಾರು ಅಂತ ಕೇಳಬಾರದು.

ಮುಖ ಕಂಡಿಲ್ಲ, ಒಂದನ್ನೂ.
ಹೆಜ್ಜೆ ಗೊತ್ತು.
ಭಾರವಾಗಿ ಬಂದು ಹಗುರಾಗಿ ಹೋಗುವ ಪಾಪಿಗಳು ಅಂತ
ಪಾದ್ರಿ ಪೀಠದಿಂದ ಹೇಳಿದರು.
ಅವರು ಈ ಮುಕ್ಕಾಲಿಯ ಮೇಲೆ ಕೂತವರಲ್ಲ.
ಬರುವಾಗ ಓಡಿ ಬರುತ್ತಾರೆ,
ಹೋಗುವಾಗಲೇ ಕಾಲಿಗೆ ಬೀಸುಕಲ್ಲು.
ಕೆಲವರು ಹೋಗುವುದೇ ಇಲ್ಲ.
ಹಲಗೆಯಾಚೆ ಅವಳ ಉಸಿರು,
ಈಚೆ ನಾನು ಉಸಿರು ಬಿಗಿಹಿಡಿದು,
ನಡುವೆ ನಾಲ್ಕು ಬೆರಳು ದಪ್ಪದ ಓಕ್ ಮರ.

ಬಟ್ಟೆಗೆ ಚುಚ್ಚಿದ ಚೀಟಿಗಳು ಬರುತ್ತವೆ.
"ಜ್ಞಾನಸ್ನಾನ ಆಗಿಲ್ಲ. ಗಾಸ್ಪಾರ್ ಅಂತ ಕರೆಯಿರಿ."
"ಇದು ಎಂಟನೆಯದು. ರೊಟ್ಟಿ ಏಳಕ್ಕೇ ಮುಗಿಯುತ್ತದೆ."
"ಧಣಿಯ ಮನೆಯಲ್ಲಿ ನನ್ನ ಊಳಿಗ. ಮೂಗು ನೋಡಿ, ಗೊತ್ತಾಗುತ್ತದೆ."
"ಹಾಲಿಲ್ಲ."
ಅಷ್ಟೇ. ಅದೂ ಬೇರೆ ಯಾರದೋ ಕೈಬರಹ.
ಚೀಟಿ ಬರೆಸಲು ಕಾಸಿಲ್ಲದವರು
ಅರ್ಧ ಇಸ್ಪೀಟೆಲೆ ಇಡುತ್ತಾರೆ, ಉಳಿದರ್ಧ ಎದೆಯೊಳಗೆ.
ಪೆಟ್ಟಿಗೆ ತುಂಬ ಅರ್ಧಗಳಿವೆ ನನ್ನ ಬಳಿ.
ಜೋಡಿಸಲು ಬಂದವರು, ಈ ಇಪ್ಪತ್ತೆರಡು ವರ್ಷದಲ್ಲಿ, ಐದು.

ಒಂದು ಸಲ, ಬೇಸಿಗೆ,
ತುಂಬುಗೆನ್ನೆಯ ಹುಡುಗಿ, ಇಸ್ತ್ರಿ ಮಾಡಿದ ಲಿನನ್,
ಬೆಳ್ಳಿಯ ಗುಂಡಿ. ಚೀಟಿಯಿಲ್ಲ.
ಹೊರಗೆ ಹೆಜ್ಜೆ ನಿಲ್ಲಲೂ ಇಲ್ಲ, ತಡವರಿಸಲೂ ಇಲ್ಲ.
ಹೆತ್ತವಳಿಗೆ ಹೆಗ್ಗಣ ಮುದ್ದು ಅನ್ನುವುದು ಎಲ್ಲರ ಬಾಯಲ್ಲೂ ಇದೆ.
ಮುದ್ದು ಬರಲೇ ಇಲ್ಲವೇನೋ.
ಅದನ್ನು ಹೇಳಲಿಕ್ಕೂ ಒಂದು ತೂತು ಬೇಕಲ್ಲ ಗೋಡೆಯಲ್ಲಿ.

ಹೇಳಬೇಕೆಂದದ್ದು ಇದಲ್ಲ.
ಮೊನ್ನೆ ಆಲಿವ್ ಬಡಿಯುವ ಕಾಲ, ರಾತ್ರಿ ಎರಡಕ್ಕೆ, ಮಂಜು.
ಟಕ್, ಸರಕ್. ಟಕ್, ಸರಕ್.
ಎಡ ಹಿಮ್ಮಡಿಯ ಮೊಳೆ ಸಡಿಲ.
ಗಂಟೆ. ತಿರುಗಿಸಿದೆ. ಗಂಡುಮಗು, ಹತ್ತು ದಿನದ್ದು.
ಬೆಳಗಾಗುವವರೆಗೆ ನಮ್ಮ ದಾದಿಯರು ಮೂವರು ಎದೆ ಕೊಟ್ಟರು,
ಮೂವರಿಗೂ ಮುಖ ತಿರುಗಿಸಿ ಚೀರಿತು.

ಬೆಳಿಗ್ಗೆ ಹಾಲೂಡುವವರನ್ನು ಬಾಡಿಗೆಗೆ ಹಿಡಿಯುವ ದಿನ.
ಅರ್ರಾಯೋಲುಶ್ ಕಡೆಯ ಒಬ್ಬಳು, ಫ್ಲೋರಿಂದಾ ಅಂತೆ.
ತನ್ನ ಕೂಸು ತೀರಿಕೊಂಡಿತು ಅಂದಳು.
ವೈದ್ಯರು ಎದೆ ಹಿಂಡಿ ಉಗುರ ಮೇಲೆ ಹನಿ ನೋಡಿದರು.
ಪರವಾಗಿಲ್ಲ, ತಿಂಗಳಿಗೆ ಸಾವಿರದಿನ್ನೂರು ರೇಯಿಸ್.
ಹನ್ನೊಂದು ತೊಟ್ಟಿಲ ಸಾಲು.
ಟಕ್, ಸರಕ್. ಟಕ್, ಸರಕ್.
ಆರನ್ನು ನೋಡದೆ ದಾಟಿ ಏಳನೆಯದರ ಮುಂದೆ ನಿಂತಳು.
ಕುಪ್ಪಸ ಬಿಚ್ಚುವ ಮೊದಲೇ
ಅಳು ನಿಂತುಹೋಯಿತು.

ಹೆತ್ತವಳ ಹಾಲಿಗೆ ಈ ಊರಿನಲ್ಲಿ ಕಾಸು ಕೊಡುವವರಿಲ್ಲ.
ಅದೇ ಹಾಲು ಬಾಡಿಗೆಯದಾದರೆ ಒಂದು ಮನೆ ನಡೆಯುತ್ತದೆ.
ಲೆಕ್ಕ ಗೊತ್ತಿದ್ದವಳು. ಒಂದೇ ರಾತ್ರಿ ಸಾಕಾಯಿತು,
ಮಗನನ್ನು ಕಳೆದುಕೊಳ್ಳಲು, ಅವನನ್ನೇ ಸಂಬಳಕ್ಕೆ ಪಡೆಯಲು.
ಆ ರಾತ್ರಿ ಅವಳು ಎಲ್ಲಿ ಕೂತಿದ್ದಳು?

ಗುಮಾಸ್ತ ಕೇಳಿದ: "ಮಗುವಿಗೂ ನಿನಗೂ ಏನು ಸಂಬಂಧ?"
"ಏನಿಲ್ಲ," ಅಂದಳು.
ಬರೆದುಕೊಂಡ. ಓದಿ ಹೇಳಿದ:
ಏಳು ವರ್ಷ ತುಂಬಿದ ದಿನ ಇಲ್ಲಿಗೇ ತಂದೊಪ್ಪಿಸಬೇಕು.
ತಲೆಯಾಡಿಸಿದಳು, ಕಣ್ಣು ಮಾತ್ರ ಮಗುವಿನ ಕಿವಿಯ ಮೇಲೆ.
ನನ್ನ ಕಡೆ ತಿರುಗಿದ: "ಇವಳನ್ನು ಮೊದಲು ಕಂಡಿದ್ದೀಯಾ?"
"ನಾನು ಒಳಗಿನವಳು ಸ್ವಾಮಿ, ಯಾರ ಮುಖವೂ ಕಂಡಿಲ್ಲ."

ಹೊಸ್ತಿಲ ತನಕ ಹೋದೆ, ಎಂದೂ ಹೋಗುವವಳಲ್ಲ.
ಶಾಲಿನೊಳಗೆ ಅವನು ನಿದ್ದೆಹೋಗಿದ್ದ.
"ಎಡಗಾಲಿನ ಜೋಡಿಗೆ," ಅಂದೆ ಮೆಲ್ಲಗೆ,
"ಮೊಳೆ ಹೊಡೆಸಿಕೋ ತಾಯಿ."